ಹೆಡರ್ ಹಾಕುವ ಮೊದಲು ಉಪ್ಪುಗಾಳಿಯ ಲೆಕ್ಕ ಹಾಕಿ

ನಮಸ್ಕಾರ. ಕಾರಿಗೆ ಹೆಡರ್ (ಇಂಜಿನಿನ ಹೊಗೆ ಹೊರಗೆ ಒಯ್ಯುವ ಕಂಪನಿಯ ಮ್ಯಾನಿಫೋಲ್ಡಿನ ಬದಲು ಹಾಕುವ ಪೈಪುಗಳ ಜೋಡಣೆ) ಹಾಕುದಾ ಬೇಡ್ವಾ ಅಂತ ಕೇಳುವವರಿಗೆ ನಮ್ಮ ತಿರುಗು ಪ್ರಶ್ನೆ ಒಂದುಂಟು: ಪೈಪು ಎಂತದ್ದು? ಪವರಿನ ಮಾತು ಆಮೇಲೆ. ಎಸ್ಟೀಮ್‌ನಂಥ 1.3 ಲೀಟರ್ ಪೆಟ್ರೋಲ್ ಗಾಡಿಗೆ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಮುಟ್ಟದೆ ಬರೀ ಹೆಡರ್ ಬದಲಾಯಿಸಿ ನಾಲ್ಕೈದು ಹಾರ್ಸ್‌ಪವರ್ ಸಿಕ್ಕಿದರೆ ಅದೇ ದೊಡ್ಡದು. ಕಂಪನಿಯ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ದಪ್ಪ ಇರ್ತದೆ, ಮೇಲೆ ತುಕ್ಕು ಹಿಡಿದರೂ ವರ್ಷಗಟ್ಟಲೆ ಬಾಳ್ತದೆ. ಹೆಡರಿನ ಪೈಪಿನ ದಪ್ಪ ಹೆಚ್ಚೆಂದರೆ ಒಂದೂವರೆ, ಎರಡು ಮಿಲಿಮೀಟರ್. ಪಣಂಬೂರಿನಿಂದ ಮಲ್ಪೆವರೆಗಿನ ಗಾಳಿಗೆ ಮೈಲ್ಡ್ ಸ್ಟೀಲಿನ ಅಷ್ಟು ತೆಳು ಪೈಪನ್ನು ಒಡ್ಡುವುದೆಂದರೆ ದುಡ್ಡು ಸಮುದ್ರಕ್ಕೆ ಹಾಕಿದ ಹಾಗೆ.

ಹಾಗಾಗಿ ನಮ್ಮ ಕಡೆ 304 ಸ್ಟೇನ್‌ಲೆಸ್, ಟಿಗ್ (ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ ಮಾಡುವ) ವೆಲ್ಡಿಂಗ್. ಅದಕ್ಕಿಂತ ಕಡಿಮೆ ಬೇಡ. ಕೊಳ್ಳುವಾಗ ಪೈಪಿನೊಳಗೆ ಟಾರ್ಚ್ ಬಿಟ್ಟು ನೋಡಿ. ವೆಲ್ಡಿಂಗಿನ ಒಳಬದಿ ಕಪ್ಪಗೆ, ಒರಟು ಹರಳು ಹರಳಾಗಿದ್ದರೆ ಒಳಗಿನಿಂದ ಆರ್ಗಾನ್ ಗ್ಯಾಸ್ ಬಿಡದೆ ಬೆಸೆದಿದ್ದಾರೆ ಅಂತ ಅರ್ಥ. ಮುಂದೆ ಬಿರುಕು ಬರುವುದು ಅಲ್ಲಿಂದಲೇ. ಹೆಡ್‌ಗೆ ಕೂರುವ ಫ್ಲ್ಯಾಂಜ್ (ಬೋಲ್ಟ್ ತೂತು ಇರುವ ಪಟ್ಟಿ) 8ರಿಂದ 10 ಮಿಲಿಮೀಟರ್ ದಪ್ಪ ಇರಲಿ. ತೆಳುವಾದರೆ ಬಿಸಿಗೆ ಸೊಟ್ಟ ಆಗ್ತದೆ, ಆಮೇಲೆ ಯಾವ ಪ್ಯಾಕಿಂಗ್ ಹಾಕಿದರೂ ನಿಲ್ಲುವುದಿಲ್ಲ. ಮತ್ತೆ ಆ ಹೀಟ್ ರ‍್ಯಾಪ್ ಬಟ್ಟೆ! ವಿಡಿಯೋದಲ್ಲಿ ಚಂದ ಕಾಣ್ತದೆ ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯ ನೀರು ಹೀರಿಕೊಂಡು ಪೈಪಿಗೆ ಅಂಟಿಕೊಂಡೇ ಇರ್ತದೆ, ಒಳಗೊಳಗೇ ತುಕ್ಕು. ಕರಾವಳಿಯಲ್ಲಿ ರ‍್ಯಾಪ್ ಸುತ್ತಲೇ ಬೇಡಿ ಮಾರಾಯ್ರೆ.

ವಿನ್ಯಾಸಕ್ಕೆ 4-2-1 (ನಾಲ್ಕು ಪೈಪು ಎರಡಾಗಿ, ಆಮೇಲೆ ಒಂದಾಗುವುದು) ಸಾಕು. ಚಾರ್ಮಾಡಿ, ಆಗುಂಬೆ ಹತ್ತುವಾಗ ಬೇಕಾದದ್ದು ನಡು ಆರ್‌ಪಿಎಂನ ಎಳೆತ. ನಾಲ್ಕೂ ನೇರ ಒಂದಾಗುವ 4-1 ಇರುವುದು ಇಂಜಿನ್ ಕಿರುಚಿಸುವವರಿಗೆ.

ಕಾನೂನಿನ ಮಾತು ಮರೆಸಿ ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿ ಕಂಪನಿಯ ವಿವರಕ್ಕಿಂತ ಬೇರೆ ಆಗಬಾರದು. 2019ರ ತಿದ್ದುಪಡಿಯ ನಂತರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಉಂಟು, ಜೈಲೂ ಉಂಟು. ಹೊಗೆ, ಶಬ್ದದ ಮಿತಿ ಮೀರಿದರೆ 10,000ದವರೆಗೆ. ಬಿಎಸ್4, ಬಿಎಸ್6 ಗಾಡಿಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ) ಹೆಚ್ಚಾಗಿ ಮ್ಯಾನಿಫೋಲ್ಡಿಗೇ ಅಂಟಿಕೊಂಡಿರ್ತದೆ. ಹೆಡರ್ ಹಾಕಿದರೆ ಅದೂ ಹೋಯಿತು. ಅಂಥ ಗಾಡಿಗೆ ಈ ಕೆಲಸವೇ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಹದಿನೈದು ವರ್ಷ ದಾಟಿದ ಕೆಎ-19, ಕೆಎ-20 ಗಾಡಿಯವರು ನೋಂದಣಿ ನವೀಕರಣಕ್ಕೆ ಆರ್‌ಟಿಓ ಮುಂದೆ ಗಾಡಿ ನಿಲ್ಲಿಸಲೇಬೇಕು. ಹಳೆ ಮ್ಯಾನಿಫೋಲ್ಡ್ ಗುಜರಿಗೆ ಕೊಡಬೇಡಿ, ಬಿಚ್ಚಿ ಮೊದಲಿನ ಹಾಗೆ ಮಾಡಿ ಅಂದರೆ ಕೈಯಲ್ಲಿರಬೇಕು.

ಇನ್ನು ಕೆಲಸ. ಮನೆ ಅಂಗಳದ ಇಂಟರ್‌ಲಾಕ್ ಅಥವಾ ಕೆಂಪು ಮಣ್ಣು ಮಳೆಗೆ ಮೆತ್ತಗಾಗಿ ಕುಸೀತದೆ. ಜಾಕ್ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಇಡಿ. ಬರೀ ಜಾಕ್ ನಂಬಿ ಅಡಿಗೆ ಹೋಗುವ ಧೈರ್ಯ ಯಾರೂ ತೋರಿಸಬೇಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಇಂಜಿನ್ ಪೂರ್ತಿ ತಣ್ಣಗಾಗಲಿ.

ಇಡೀ ಕೆಲಸ ಕೆಡುವುದು ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿಡುವ ಬೋಲ್ಟು, ಅಂದರೆ ಸ್ಟಡ್‌ನಲ್ಲಿ. ಉಪ್ಪು, ಬಿಸಿ ಎರಡೂ ಸೇರಿ ನಟ್ಟನ್ನು ಸ್ಟಡ್ಡಿಗೆ ಬೆಸೆದೇ ಬಿಟ್ಟಿರ್ತದೆ. ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಹಾಕಿ, ಬೆಳಿಗ್ಗೆ ಇನ್ನೊಮ್ಮೆ. ಆರು ಮೂಲೆಯ ಸಾಕೆಟ್ ಬಳಸಿ, ಹನ್ನೆರಡು ಮೂಲೆಯದ್ದು ತುಕ್ಕು ನಟ್ಟಿನ ತಲೆ ಉರುಟು ಮಾಡ್ತದೆ. ಕಾಲು ಸುತ್ತು ಸಡಿಲ, ಸ್ವಲ್ಪ ಬಿಗಿ, ಪುನಃ ಸಡಿಲ, ಹೀಗೆ ತಾಳ್ಮೆಯಿಂದ. ನಟ್ಟಿನ ಜೊತೆ ಸ್ಟಡ್ಡೇ ಹೊರಗೆ ಬಂದರೆ ಬೇಸರ ಬೇಡ, ಹೊಸದು ಹಾಕಿ. ಆದರೆ ಹೆಡ್ಡಿನ ಮಟ್ಟಕ್ಕೇ ತುಂಡಾದರೆ ಅಲ್ಲೇ ನಿಲ್ಲಿಸಿ. ಹೆಡ್ ಅಲ್ಯೂಮಿನಿಯಂ. ಕೈ ಡ್ರಿಲ್ಲಿನಲ್ಲಿ ಓರೆ ಕೊರೆದರೆ ಥ್ರೆಡ್ ಹೋಯಿತು, ಆಮೇಲೆ ಮೆಶಿನ್ ಶಾಪ್, ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ಸುರುಳಿ), ಹೆಡರಿಗಿಂತ ದೊಡ್ಡ ಬಿಲ್.

ಹೊಗೆಯಲ್ಲಿನ ಆಮ್ಲಜನಕ ಅಳೆದು ಇಸಿಯುಗೆ ಹೇಳುವ ಆಕ್ಸಿಜನ್ ಸೆನ್ಸರ್ ಬಿಚ್ಚಲಿಕ್ಕೆ ವಯರಿಗೆ ಸೀಳು ಇರುವ 22 ಮಿಲಿಮೀಟರ್ ಸಾಕೆಟ್ ಬೇಕು. ಹೊಸ ಹೆಡರಿನಲ್ಲಿ ಅದರ ಜಾಗ ನಾಲ್ಕೂ ಪೈಪು ಕೂಡಿದ ಮೇಲೆ ಇರಬೇಕು. ಒಂದೇ ಪೈಪಿನಲ್ಲಿದ್ದರೆ ಇಸಿಯು ಒಂದು ಸಿಲಿಂಡರಿನ ಹೊಗೆ ನೋಡಿ ನಾಲ್ಕಕ್ಕೂ ಪೆಟ್ರೋಲ್ ಹಾಕ್ತದೆ. ಸೆನ್ಸರಿನ ಮೂತಿ ಕೆಳಮುಖವಾಗಿ, ಕನಿಷ್ಠ 10 ಡಿಗ್ರಿಯಾದರೂ ಓರೆ ಇರಲಿ. ಮಲಗಿಸಿ ಕೂರಿಸಿದರೆ ಪೈಪಿನೊಳಗೆ ಕಟ್ಟುವ ನೀರು ಒಳಗಿನ ಸೆರಾಮಿಕ್ ಒಡೀತದೆ.

ಪ್ಯಾಕಿಂಗ್ ಹಾಕುವ ಮೊದಲು ಒಮ್ಮೆ ಖಾಲಿ ಕೂರಿಸಿ ನೋಡಿ. ವಯರ್, ಎಸಿ ಪೈಪು, ಸ್ಟೀರಿಂಗ್ ರ‍್ಯಾಕಿನ ರಬ್ಬರ್, ಇವಕ್ಕೆಲ್ಲ ಒಂದು ಇಂಚಾದರೂ ಅಂತರ ಬೇಕು. ಪ್ಯಾಕಿಂಗ್ ಹೊಸತೇ ಆಗಬೇಕು, ಲೋಹದ ಪದರದ್ದು. ಸಿಲಿಕಾನ್ ಮೆತ್ತಬೇಡಿ, ಅಲ್ಲಿಯ ಬಿಸಿಗೆ ಸುಟ್ಟು ಸೆನ್ಸರನ್ನೂ ಹಾಳು ಮಾಡ್ತದೆ. ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಎಂ8 ಸ್ಟಡ್ಡಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, ಆದರೆ ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಕೈಗುರುತಿನ ಎಣ್ಣೆ ಒರೆಸಿಯೇ ಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಸ್ಟೇನ್‌ಲೆಸ್ ಮೇಲೆ ಬೆರಳಚ್ಚು ಸುಟ್ಟು ಖಾಯಂ ಉಳೀತದೆ.

ಎರಡು ಮೂರು ಸಲ ಬಿಸಿಯಾಗಿ ಆರಿದ ಮೇಲೆ, ತಣ್ಣಗಿರುವಾಗ, ಅದೇ ಕ್ರಮದಲ್ಲಿ ಇನ್ನೊಮ್ಮೆ ಟಾರ್ಕ್ (ನಟ್ಟಿನ ಬಿಗಿ) ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ ಅದು ಲೀಕ್. ಗುರ್ ಅನ್ನುವ ಸೌಂಡಿನ ಖುಷಿಯಲ್ಲಿ ಸುಮಾರು ಜನ ಇದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಸೆನ್ಸರಿನ ಮುಂಚೆ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ತದೆ, ಸೆನ್ಸರ್ ಪೆಟ್ರೋಲ್ ಕಡಿಮೆ ಅಂತ ಹೇಳ್ತದೆ, ಇಸಿಯು ಇನ್ನಷ್ಟು ಸುರೀತದೆ. ಒಬಿಡಿ ಸ್ಕ್ಯಾನರ್ ಇದ್ದರೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಎಷ್ಟು ಹೆಚ್ಚು ಕಡಿಮೆ ಮಾಡ್ತಿದೆ ಅನ್ನುವ ಲೆಕ್ಕ) ನೋಡಿ. ಮೊದಲು ಸರಿ ಇದ್ದದ್ದು ಈಗ 10 ಪರ್ಸೆಂಟ್ ಮೇಲೆ ಹೋಗಿದ್ದರೆ ಟ್ಯೂನಿಂಗ್ ಮಾಡುವವರ ಹತ್ತಿರ ಓಡಬೇಡಿ. ತಣ್ಣಗಿನ ಇಂಜಿನ್‌ಗೆ ಸೈಲೆನ್ಸರ್ ಬಾಯಿಯಿಂದ ಬ್ಲೋವರ್ ಗಾಳಿ ಬಿಟ್ಟು, ಫ್ಲ್ಯಾಂಜಿಗೆ ಸಾಬೂನು ನೀರು ಹಾಕಿ. ಗುಳ್ಳೆ ಎದ್ದ ಜಾಗದ ನಟ್ಟನ್ನು ಮೊದಲು ನೋಡಿ.