ಏರು ಹತ್ತುವ ಮುಂಚೆ ಹಿಂದಿನ ಹಲ್ಲು ಎಣಿಸಿ

ಕೇಳುಗರಿಗೆ ನಮಸ್ಕಾರ.

ಬೆಟ್ಟದ ರಸ್ತೆಯಲ್ಲಿ ಸೈಕಲ್ ತುಳಿಯುವ ಆಸೆ ಇರುವವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು. "ನನ್ನ ಕಾಲಿಗೆ ಅಷ್ಟು ಬಲ ಇದೆಯಾ?" ನಾನು ಕಾಲಿನ ವಿಷಯಕ್ಕೆ ಹೋಗುವುದೇ ಇಲ್ಲ. "ನಿಮ್ಮ ಹಿಂದಿನ ಗಾಲಿಯಲ್ಲಿ ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರ ಇದೆಯಲ್ಲ, ಅದರಲ್ಲಿ ಎಷ್ಟು ಹಲ್ಲು?" ಅಂತ ಕೇಳುತ್ತೇನೆ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸೈಕಲ್ಲಿನ ತೂಕ ಗ್ರಾಂ ಲೆಕ್ಕದಲ್ಲಿ ಗೊತ್ತು, ಇದು ಮಾತ್ರ ಗೊತ್ತಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಏರಿಗೆ ಹಗುರ ಗೇರ್ ಬೇಕು. ಇಷ್ಟು ಸಾಕು ಅಂತ ನಿಮಗೆ ಅನ್ನಿಸುತ್ತದಲ್ಲ, ಅದಕ್ಕಿಂತ ಇನ್ನೊಂದು ಹಂತ ಹಗುರವಾದದ್ದು ಬೇಕು.

ಗೇರ್ ಅಂದರೆ ಏನು? ಮುಂದೆ ಪೆಡಲ್ ಜೊತೆ ತಿರುಗುವುದು ಚೈನ್‌ರಿಂಗ್. ಹಿಂದಿನ ಗಾಲಿಯಲ್ಲಿ ಸಾಲಾಗಿ ಜೋಡಿಸಿರುವ ಹಲ್ಲುಚಕ್ರಗಳು ಕ್ಯಾಸೆಟ್. ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು. ರಸ್ತೆ ಸೈಕಲ್ ಆಗ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ಹಿಂದೆ 28 ಹಲ್ಲಿದ್ದರೆ ಅದೇ ಒಂದು ಸುತ್ತಿಗೆ ಎರಡೂವರೆ ಮೀಟರ್. ಜಾಸ್ತಿ ದೂರ ಹೋಯಿತು, ಒಳ್ಳೆಯದೇ ಅಲ್ವಾ ಅನ್ನಬೇಡಿ. ಮೆಟ್ಟಿಲು ಹತ್ತುವಾಗ ಮೂರು ಮೂರು ಮೆಟ್ಟಿಲು ಒಟ್ಟಿಗೆ ಹಾರುತ್ತಾ ಹೋದರೆ ಎಷ್ಟು ಮಹಡಿ ಹತ್ತುತ್ತೀರಿ? ಒಂದೊಂದಾಗಿ ಹತ್ತಿದರೆ ಎಷ್ಟು ಹತ್ತುತ್ತೀರಿ? ಅಷ್ಟೇ ವ್ಯತ್ಯಾಸ. ಒಂದು ಸುತ್ತಿಗೆ ಕಡಿಮೆ ದೂರ ಹೋಗುವುದೇ ಹಗುರ ಗೇರ್.

ಈಗ ಒಂದು ಚಿಕ್ಕ ಲೆಕ್ಕ. ದಯವಿಟ್ಟು ರೇಡಿಯೋ ಆಫ್ ಮಾಡಬೇಡಿ, ಇಡೀ ವಿಷಯ ಇರುವುದೇ ಇದರಲ್ಲಿ. ಶೇಕಡಾ 10ರ ಏರು ಅಂದರೆ ನೂರು ಮೀಟರ್ ಮುಂದೆ ಹೋದಾಗ ಹತ್ತು ಮೀಟರ್ ಮೇಲೆ ಹೋಗುವುದು. ನಿಮ್ಮ ತೂಕ 70 ಕಿಲೋ, ಸೈಕಲ್, ನೀರು ಎಲ್ಲ ಸೇರಿ ಹತ್ತು ಕಿಲೋ ಅಂದುಕೊಳ್ಳಿ. ತಕ್ಕಮಟ್ಟಿಗೆ ಅಭ್ಯಾಸ ಇರುವವರು ಒಂದೇ ಸಮನೆ 150 ವ್ಯಾಟ್ ಶಕ್ತಿ ಕೊಡುತ್ತಾರೆ ಅನ್ನೋಣ. ಆಗ ನಿಮ್ಮ ವೇಗ ಗಂಟೆಗೆ ಸುಮಾರು ಆರೂವರೆ ಕಿಲೋಮೀಟರ್. ಬೇಗ ನಡೆಯುವವರ ವೇಗ! ಆ ವೇಗದಲ್ಲಿ 34-28ರ ಗೇರ್, ಅಂದರೆ ಮುಂದೆ 34, ಹಿಂದೆ 28 ಹಾಕಿದರೆ ಕಾಲು ನಿಮಿಷಕ್ಕೆ 42 ಸುತ್ತು ಮಾತ್ರ ತಿರುಗುತ್ತದೆ. ಸಮತಟ್ಟು ರಸ್ತೆಯಲ್ಲಿ ಎಂಬತ್ತು ಸುತ್ತು ತಿರುಗಿಸುವ ಕಾಲು ಇದು. 34-34ರಲ್ಲಿ 51 ಸುತ್ತು. ಮುಂದೆ 30, ಹಿಂದೆ 36 ಹಾಕಿದರೆ 62 ಸುತ್ತು. ಅಂದರೆ ತುಂಬಾ ಹಗುರ ಅಂತ ಅಂಗಡಿಯಲ್ಲಿ ನಕ್ಕು ಪಕ್ಕಕ್ಕಿಟ್ಟ ಗೇರ್ ಕೂಡ ನಿಜವಾದ ಏರಿನಲ್ಲಿ ಹಗುರ ಅಲ್ಲ. 42 ಸುತ್ತಿಗೂ 62 ಸುತ್ತಿಗೂ ಶಕ್ತಿ ಒಂದೇ. ಆದರೆ 42ರಲ್ಲಿ ಪ್ರತಿ ತುಳಿತಕ್ಕೂ ಒಂದೂವರೆ ಪಟ್ಟು ಜೋರು ಹಾಕಬೇಕು. ಆ ಜೋರನ್ನು ತಡೆದುಕೊಳ್ಳುವುದು ನಿಮ್ಮ ಮಂಡಿ, ನಿಮ್ಮ ಸೊಂಟ.

ಹಗುರ ಗೇರ್ ಹಾಕುವುದು ಅವಮಾನ ಅಂತ ತಿಳಿಯುವವರು ಇವತ್ತಿಗೂ ಇದ್ದಾರೆ. ಈ ರೋಗ ಹಳೆಯದು. ಟೂರ್ ದ ಫ್ರಾನ್ಸ್ ಎಂಬ ದೊಡ್ಡ ಸೈಕಲ್ ಪಂದ್ಯ ಶುರು ಮಾಡಿದ ಆಂರಿ ದೆಗ್ರಾಂಜ್ ಎಂಬ ಪತ್ರಿಕಾ ಸಂಪಾದಕರಿಗೆ ಗೇರ್ ಕಂಡರೇ ಆಗುತ್ತಿರಲಿಲ್ಲ. ಗೇರ್ ಬದಲಿಸುವ ಸೈಕಲ್ ಏನಿದ್ದರೂ 45 ದಾಟಿದವರಿಗೆ ಅಂತ 1902ರಲ್ಲೇ ಬರೆದರು. ಅದೇ ಫ್ರಾನ್ಸ್‌ನ ಸೇಂತ್ ಎತಿಯೆನ್ ಊರಿನಲ್ಲಿ ಪೋಲ್ ದ ವಿವಿ ಎಂಬವರು ಬೆಟ್ಟದ ದಾರಿಗೆ ಹಲವು ಗೇರ್ ಬೇಕೇ ಬೇಕು ಅಂತ ವರ್ಷಗಟ್ಟಲೆ ಬರೆದರು, ತಾವೇ ಸೈಕಲ್ ಮಾಡಿ ತುಳಿದು ತೋರಿಸಿದರು. ದೆಗ್ರಾಂಜ್ ಕಿವಿಗೆ ಹಾಕಿಕೊಳ್ಳಲಿಲ್ಲ.

1910ರಲ್ಲಿ ಟೂರ್ ಮೊದಲ ಸಲ ಪಿರೆನೀಸ್ ಪರ್ವತದ ಎತ್ತರದ ಕಣಿವೆದಾರಿಗಳಿಗೆ ಹೋಯಿತು. ಅದರಲ್ಲಿ ಟೂರ್ಮಾಲೆ ಅಂತ ಒಂದು. ಎತ್ತರ 2,115 ಮೀಟರ್. ಈಗಿನ ಹಾಗೆ ನುಣ್ಣಗಿನ ಡಾಂಬರು ಅಲ್ಲ, ಕಲ್ಲು ಮಣ್ಣಿನ ದಾರಿ. ಆ ದಿನ ಅವರು ಕ್ರಮಿಸಬೇಕಿದ್ದದ್ದು 326 ಕಿಲೋಮೀಟರ್. ಒಕ್ತಾವ್ ಲಪೀಜ್ ಟೂರ್ಮಾಲೆಯ ತುದಿಯನ್ನು ಎಲ್ಲರಿಗಿಂತ ಮೊದಲು ದಾಟಿದರು, ಆ ವರ್ಷದ ಟೂರ್ ಕೂಡ ಗೆದ್ದರು. ಅಂಥವರೇ ಆ ಏರಿನಲ್ಲಿ ಸೈಕಲ್ ಇಳಿದು ತಳ್ಳಿಕೊಂಡು ನಡೆದಿದ್ದಾರೆ! ಇಳಿಯದೆ ತುಳಿದು ಹತ್ತಿದ ಗುಸ್ತಾವ್ ಗಾರಿಗೂ ಅವರಿಗೆ ಅದಕ್ಕಾಗಿಯೇ ಬೇರೆ ಬಹುಮಾನ ಸಿಕ್ಕಿತು. ಸುಮ್ನೆ ಯೋಚಿಸಿ ನೋಡಿ. ಜಗತ್ತಿನ ಅತ್ಯುತ್ತಮ ಸವಾರರು ಅವರು. ಕಾಲಿನಲ್ಲಿ ಬಲ ಇರಲಿಲ್ಲವೇ? ಗೇರ್ ಇರಲಿಲ್ಲ, ಅಷ್ಟೇ.

ಆಮೇಲಿನ ವರ್ಷಗಳಲ್ಲೂ ಟೂರ್ ಸವಾರರು ಮಾಡುತ್ತಿದ್ದದ್ದು ಏನು ಗೊತ್ತೇ? ಹಿಂದಿನ ಗಾಲಿಯ ಎರಡೂ ಕಡೆ ಒಂದೊಂದು ಹಲ್ಲುಚಕ್ರ. ಒಂದು ಸಣ್ಣದು, ಒಂದು ದೊಡ್ಡದು. ಏರು ಬಂತು ಅಂದರೆ ನಿಲ್ಲಿಸಬೇಕು, ಇಳಿಯಬೇಕು, ನಟ್ ಸಡಿಲಿಸಿ ಗಾಲಿ ಬಿಚ್ಚಬೇಕು, ತಿರುಗಿಸಿ ಹಾಕಬೇಕು, ಚೈನ್ ಕೂರಿಸಿ ನಟ್ ಬಿಗಿಯಬೇಕು. ಚಳಿಗೆ ಮರಗಟ್ಟಿದ ಬೆರಳಿನಲ್ಲಿ! ತುದಿ ಮುಟ್ಟಿದ ಮೇಲೆ ಇಳಿಯುವುದಕ್ಕೆ ಮತ್ತೆ ಅದೇ ಕೆಲಸ. ಎಲ್ಲ ಸವಾರರಿಗೂ ಡಿರೇಲರ್, ಅಂದರೆ ತುಳಿಯುತ್ತಲೇ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ, ಬಳಸಲು ಟೂರ್‌ನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟು ಹೊತ್ತಿಗೆ ದೆಗ್ರಾಂಜ್ ಅನಾರೋಗ್ಯದಿಂದ ಉಸ್ತುವಾರಿ ಬಿಟ್ಟಾಗಿತ್ತು. ಈಗ ವೃತ್ತಿಪರ ಸವಾರರು ಕೂಡ ಬೆಟ್ಟದ ದಿನ ಹಿಂದೆ 30, 34 ಹಲ್ಲು ಹಾಕಿಕೊಂಡು ಹೊರಡುತ್ತಾರೆ. ಅವರಿಗೇ ಬೇಕಾದದ್ದು ನಮಗೆ ಬೇಡವೇ?

ಹೊಸ ಸೈಕಲ್ ತೆಗೆದುಕೊಳ್ಳುವವರು ಕೇಳಿಸಿಕೊಳ್ಳಿ. ಮುಂದೆ 50-34, ಅಂದರೆ 50 ಹಲ್ಲಿನದೊಂದು, 34 ಹಲ್ಲಿನದೊಂದು ಚೈನ್‌ರಿಂಗ್, ಹಿಂದೆ 11ರಿಂದ 34 ಹಲ್ಲು, ಇದಕ್ಕಿಂತ ಭಾರದ ಗೇರ್ ಬೆಟ್ಟಕ್ಕೆ ಬೇಡ. ಸಾಮಾನು ಹೇರಿಕೊಂಡು ಹೋಗುವವರು ಮುಂದೆ 46-30 ನೋಡಿ. ಈಗಾಗಲೇ ಸೈಕಲ್ ಇದ್ದರೆ ಕ್ಯಾಸೆಟ್ ಒಂದನ್ನೇ ದೊಡ್ಡದಾಗಿ ಬದಲಿಸಬಹುದು. ಆದರೆ ನಿಮ್ಮ ಹಿಂದಿನ ಡಿರೇಲರ್ ಎಷ್ಟು ಹಲ್ಲಿನವರೆಗೆ ಕೆಲಸ ಮಾಡುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಚೈನ್ ಕೂಡ ಉದ್ದ ಬೇಕಾಗಬಹುದು. ಗಿಡ್ಡವಾದ ಹಳೇ ಚೈನನ್ನೇ ಉಳಿಸಿಕೊಂಡು, ಮುಂದೆ ದೊಡ್ಡದು ಹಿಂದೆಯೂ ದೊಡ್ಡದು ಹಾಕಿದರೆ ಚೈನ್ ಬಿಗಿದು ಡಿರೇಲರ್ ಮುರಿಯಬಹುದು. ಸೈಕಲ್ ಒಂದು ಕಿಲೋ ಹಗುರ ಮಾಡಲು ದುಡ್ಡು ಸುರಿಯುವವರಿಗೂ ಒಂದು ಮಾತು. ಎಂಟು ಕಿಲೋಮೀಟರ್ ಏರಿನಲ್ಲಿ ಅದರಿಂದ ಉಳಿಯುವುದು ಒಂದು ನಿಮಿಷಕ್ಕೂ ಕಡಿಮೆ. ಆ ದುಡ್ಡಿನಲ್ಲಿ ಕ್ಯಾಸೆಟ್ ತನ್ನಿ.

ಗೇರ್ ಇದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಹಾಕಬೇಕು. ಏರು ಕಣ್ಣಿಗೆ ಬಿದ್ದ ಕೂಡಲೇ, ಕಾಲು ಇನ್ನೂ ಹಗುರಾಗಿ ತಿರುಗುತ್ತಿರುವಾಗಲೇ ಬದಲಿಸಿ. ಜೋರಾಗಿ ತುಳಿಯುತ್ತಾ ಲಿವರ್ ಒತ್ತಿದರೆ ಕಟಕಟ ಅಂತ ಸದ್ದಾಗುತ್ತದೆ, ಚೈನ್ ಹಾರುತ್ತದೆ. ಬಳಸು ತಿರುವಿನಲ್ಲಿ ಒಳ ಅಂಚು ಎಲ್ಲಕ್ಕಿಂತ ಕಡಿದು, ಅದಕ್ಕೇ ತಿರುವಿಗೆ ಮುಂಚೆಯೇ ಗೇರ್ ಇಳಿಸಿರಬೇಕು. ಎದ್ದು ನಿಂತು ತುಳಿಯುವಾಗ ಮಾತ್ರ ಒಂದು ಗೇರ್ ಭಾರ ಮಾಡಿಕೊಳ್ಳಿ, ಕೂತ ಮೇಲೆ ಮತ್ತೆ ಹಗುರ.

ನನಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂತು. ತಯಾರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ದೂರ ಲೆಕ್ಕ ಹಾಕಬೇಡಿ, ಹೊತ್ತು ಲೆಕ್ಕ ಹಾಕಿ. ನಾನು ಹೇಳಿದ ವೇಗದಲ್ಲಿ ಎಂಟು ಕಿಲೋಮೀಟರ್ ಏರು ಅಂದರೆ ಒಂದೂಕಾಲು ಗಂಟೆ ಬಿಡುವಿಲ್ಲದ ತುಳಿತ. ಎರಡು ತಿಂಗಳ ಮುಂಚೆಯೇ ಶುರು ಮಾಡಿ. ವಾರಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಒಂದೇ ಸಮನೆ ತುಳಿಯಿರಿ, ಅದನ್ನು ಇಪ್ಪತ್ತಕ್ಕೆ ಏರಿಸಿ. ಒಂದೆರಡು ಮಾತು ಆಡುವಷ್ಟು ಉಸಿರು ಉಳಿದಿರಬೇಕು. ಹತ್ತಿರದಲ್ಲಿ ಏರು ಇಲ್ಲದಿದ್ದರೆ ಎದುರುಗಾಳಿಗೆ ತುಳಿಯಿರಿ. ಏರಿನ ದಿನ ಮೊದಲ ಒಂದು ಕಿಲೋಮೀಟರ್ ಬೇಕೆಂದೇ ನಿಧಾನ ಹೋಗಿ. ಯಾರಾದರೂ ಹಿಂದೆ ಹಾಕಿದರೆ ಹಾಕಲಿ ಬಿಡಿ! ಹಸಿವಾಗುವ ಮುಂಚೆ ತಿನ್ನಿ, ಬಾಯಾರುವ ಮುಂಚೆ ಗುಟುಕು ಗುಟುಕಾಗಿ ಕುಡಿಯಿರಿ.

ಹತ್ತಿದವರು ಇಳಿಯಲೇಬೇಕಲ್ಲ, ಹೊರಡುವ ಮುಂಚೆ ಬ್ರೇಕ್ ಪ್ಯಾಡ್ ನೋಡಿಕೊಳ್ಳಿ. ತಿರುವಿನ ಒಳಗೆ ಹೋಗಿ ಬ್ರೇಕ್ ಹಿಡಿಯಬೇಡಿ, ಮುಂಚೆಯೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ. ಬೆವರಿದ ಮೈಗೆ ಇಳಿಜಾರಿನ ಗಾಳಿ ಬಡಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಬರುವುದಿಲ್ಲ, ತುದಿಯಲ್ಲಿ ಹಾಕಿಕೊಳ್ಳಲು ಒಂದು ತೆಳು ಜಾಕೆಟ್ ಜೇಬಿನಲ್ಲಿರಲಿ.

ನಮಸ್ಕಾರ.