ಕಟ್ಟಿದ ಮೂಗು, ಕಳಚದ ಉಂಗುರ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಥೈರಾಯ್ಡ್ ಮತ್ತು ಅಲರ್ಜಿಯ ನಂಟಿನ ಬಗ್ಗೆ. ಅದನ್ನು ಒಂದು ಉಂಗುರದಿಂದ ಶುರು ಮಾಡುತ್ತೇನೆ. ಎಷ್ಟೋ ವರ್ಷದಿಂದ ನನ್ನ ಬೆರಳಲ್ಲಿದ್ದ ಉಂಗುರ ಅದು. ಕೈ ತೊಳೆಯುವ ಮೊದಲು ತೆಗೆದಿಡುವುದು ಅಭ್ಯಾಸ. ಒಂದು ಬೆಳಿಗ್ಗೆ ಅದು ಬೆರಳಿನ ಗೆಣ್ಣು ದಾಟಲೇ ಇಲ್ಲ. ಸೋಪು ಹಚ್ಚಿದೆ, ತಿರುಗಿಸಿದೆ, ಎಳೆದೆ. ಬರಲಿಲ್ಲ. ಕನ್ನಡಿ ನೋಡಿದರೆ ಕಣ್ಣಿನ ಕೆಳಗೆ ಊತ. ರೆಪ್ಪೆ ಭಾರ. ಮೂಗು ಎರಡೂ ಕಡೆ ಕಟ್ಟಿಕೊಂಡಿದೆ. ಗಂಟಲು ಬೇರೆ ಕಟ್ಟಿದೆ, ನನ್ನ ದನಿ ನನಗೇ ಗುರುತು ಸಿಗುತ್ತಿಲ್ಲ. ಮನೆಯವರೆಲ್ಲ ಒಂದೇ ಮಾತು ಹೇಳಿದರು: ‘ನಿಂಗೆ ಏನೋ ಅಲರ್ಜಿ ಆಗಿದೆ.’

ನಾನೂ ಹಾಗೇ ಅಂದುಕೊಂಡೆ. ರಾತ್ರಿ ಒಂದು ಅಲರ್ಜಿ ಮಾತ್ರೆ ನುಂಗಿ ಮಲಗುವುದು ರೂಢಿಯಾಯಿತು. ದಿಂಬಿನ ಚೀಲಗಳನ್ನು ಬಿಸಿನೀರಲ್ಲಿ ಒಗೆದೆ. ಕಿಟಕಿಯ ಪರದೆ ತೆಗೆಸಿದೆ. ಎಂಟು ತಿಂಗಳು ಹೀಗೇ ಹೋಯಿತು. ಮೂಗೂ ಬಿಡಲಿಲ್ಲ, ಉಂಗುರವೂ ಬಿಡಲಿಲ್ಲ.

ಕೊನೆಗೆ ಒಬ್ಬರು ವೈದ್ಯೆ ಸಿಕ್ಕರು. ಅವರು ಕೇಳಿದ್ದು ನಾಲ್ಕೇ ಪ್ರಶ್ನೆ. ಸೀನು ಬರುತ್ತಾ? ಇಲ್ಲ. ಕಣ್ಣು ತುರಿಸುತ್ತಾ? ಇಲ್ಲ. ಮಾತ್ರೆ ತೆಗೆದುಕೊಂಡರೆ ಸ್ವಲ್ಪವಾದರೂ ಹಗುರ ಆಗುತ್ತಾ? ಇಲ್ಲ, ನಿದ್ದೆ ಬರುತ್ತೆ ಅಷ್ಟೆ. ಚಳಿ ಜಾಸ್ತಿನಾ? ಆಗ ನನ್ನ ಮೈಮೇಲಿದ್ದ ಸ್ವೆಟರ್ ನೋಡಿಕೊಂಡೆ. ಆ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡಿದ್ದವಳು ನಾನೊಬ್ಬಳೇ. ಅವರು ನನ್ನ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳಿಂದ ಒತ್ತಿ ಹಿಡಿದರು. ಬಿಟ್ಟ ಮೇಲೆ ಗುಳಿ ಬಿದ್ದಿರಲಿಲ್ಲ. ಊತ ಮಾತ್ರ ಕಣ್ಣಿಗೆ ಕಾಣುವಷ್ಟಿತ್ತು. ‘ರಕ್ತ ಕೊಟ್ಟು ಹೋಗಿ, ಥೈರಾಯ್ಡ್ ನೋಡೋಣ’ ಅಂದರು.

ಟಿಎಸ್‌ಎಚ್ ಅನ್ನುವ ಪರೀಕ್ಷೆ ಅದು. ದೊಡ್ಡವರಲ್ಲಿ ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿ ಇರಬೇಕು. ನನ್ನದು 40 ದಾಟಿತ್ತು. ಇಲ್ಲಿ ಬಹಳ ಜನ ಗಲಿಬಿಲಿಯಾಗುತ್ತಾರೆ. ಸಂಖ್ಯೆ ಜಾಸ್ತಿ ಇದೆ, ಹಾಗಾದರೆ ಥೈರಾಯ್ಡ್ ಜಾಸ್ತಿ ಆಗಿದೆಯಾ ಅಂತ ಕೇಳುತ್ತಾರೆ. ಹಾಗಲ್ಲ. ಟಿಎಸ್‌ಎಚ್ ಬರುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಂತೆ ರೆಕ್ಕೆ ಬಿಚ್ಚಿ ಕೂತಿರುವ ಥೈರಾಯ್ಡ್‌ಗೆ ‘ಕೆಲಸ ಮಾಡು’ ಅಂತ ಹೇಳಿಕಳಿಸುವುದು ಅದು. ಥೈರಾಯ್ಡ್ ಸೋತಷ್ಟೂ ಪಿಟ್ಯುಟರಿ ಜೋರಾಗಿ ಕೂಗುತ್ತದೆ. ಕೂಗು ಜೋರಾಗಿದೆ ಅಂದರೆ ಕೆಲಸ ನಡೆಯುತ್ತಿಲ್ಲ ಅಂತ ಅರ್ಥ.

ಸರಿ, ಥೈರಾಯ್ಡ್ ಕಡಿಮೆಯಾದರೆ ಮೂಗು ಯಾಕೆ ಕಟ್ಟಬೇಕು? ನನಗೆ ಅತ್ಯಂತ ಸೋಜಿಗ ಅನ್ನಿಸಿದ್ದು ಇದೇ. ಚರ್ಮದ ಕೆಳಗೆ ಸಕ್ಕರೆಯ ಜಾತಿಯ ಉದ್ದುದ್ದ ಅಣುಗಳಿರುತ್ತವೆ. ಅವು ನೀರನ್ನು ಸ್ಪಂಜಿನ ಹಾಗೆ ಹೀರಿ ಹಿಡಿದುಕೊಳ್ಳುತ್ತವೆ. ಥೈರಾಯ್ಡ್ ಹಾರ್ಮೋನ್ ಬಹಳ ಕಡಿಮೆಯಾದಾಗ ಈ ಅಣುಗಳು ಅಲ್ಲಲ್ಲೇ ಕೂಡಿಬೀಳುತ್ತವೆ. ನೀರೂ ಅವುಗಳ ಜೊತೆ ಸಿಕ್ಕಿಕೊಳ್ಳುತ್ತದೆ. ಕಣ್ಣಿನ ಸುತ್ತ, ಬೆರಳಲ್ಲಿ, ನಾಲಿಗೆಯಲ್ಲಿ, ದನಿಯ ತಂತುಗಳಲ್ಲಿ, ಮೂಗಿನ ಒಳಪೊರೆಯಲ್ಲೂ ಊತ ಬರಬಹುದು. ಒತ್ತಿದರೆ ಗುಳಿ ಬೀಳದೆ ಇರುವುದಕ್ಕೆ ಇದೇ ಕಾರಣ. ಈ ಸ್ಥಿತಿಗೆ 1870ರ ದಶಕದಲ್ಲೇ ಇಂಗ್ಲೆಂಡಿನ ವೈದ್ಯರು ಮಿಕ್ಸೆಡೀಮಾ ಅಂತ ಹೆಸರಿಟ್ಟರು. 1891ರಲ್ಲಿ ಜಾರ್ಜ್ ಮರ್ರಿ ಎಂಬ ವೈದ್ಯರು ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ಒಬ್ಬ ಮಹಿಳೆಯನ್ನು ಚೇತರಿಸಿಕೊಳ್ಳುವಂತೆ ಮಾಡಿದರು. ಆಕೆ ಚಿಕಿತ್ಸೆ ಮುಂದುವರಿಸಿಕೊಂಡು ಮುಂದೆ ಎಷ್ಟೋ ವರ್ಷ ಬದುಕಿದರು.

ಅಲರ್ಜಿಯ ಊತ ಬೇರೆ ಥರದ್ದು. ಅಲ್ಲಿ ಮಾಸ್ಟ್ ಎಂಬ ರಕ್ಷಣಾ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಗೆ ಚೆಲ್ಲುತ್ತವೆ. ರಕ್ತನಾಳ ಸಡಿಲವಾಗಿ ನೀರು ಜಿನುಗುತ್ತದೆ. ಆದ್ದರಿಂದಲೇ ಸಾಲುಸಾಲು ಸೀನು, ನಲ್ಲಿಯಂತೆ ಸುರಿಯುವ ಮೂಗು, ಕಣ್ಣಿನ ನವೆ. ಬರುವುದೂ ಬೇಗ, ಹೋಗುವುದೂ ಬೇಗ. ಧೂಳು ಝಾಡಿಸಿದಾಗ, ಪರಾಗ ಹಾರುವ ಕಾಲದಲ್ಲಿ, ಬೆಕ್ಕು ಮಡಿಲಿಗೆ ಬಂದಾಗ ಶುರುವಾಗುತ್ತದೆ. ಥೈರಾಯ್ಡಿನ ಊತಕ್ಕೆ ಕಾಲವಿಲ್ಲ, ನೆಪವಿಲ್ಲ. ಅದು ವಾರಗಟ್ಟಲೆ ಸದ್ದಿಲ್ಲದೆ ಏರುತ್ತದೆ. ಜೊತೆಗೆ ಸುಸ್ತು, ಮಲಬದ್ಧತೆ, ಒಣಗಿ ತುರಿಸುವ ಚರ್ಮ, ಉದುರುವ ಕೂದಲು, ಏರುವ ತೂಕ, ಹೆಂಗಸರಲ್ಲಿ ಮುಟ್ಟಿನ ರಕ್ತಸ್ರಾವ ಹೆಚ್ಚಾಗುವುದು ಇವೆಲ್ಲ ಇರಬಹುದು. ಒಣ ಚರ್ಮದ ತುರಿಕೆಯನ್ನೂ ಎಷ್ಟೋ ಜನ ಅಲರ್ಜಿ ಅಂತಲೇ ಲೆಕ್ಕ ಹಾಕುತ್ತಾರೆ.

ಒಂದು ಎಚ್ಚರಿಕೆಯ ಮಾತು ಸೇರಿಸಲೇಬೇಕು. ಎರಡೂ ತುಂಬಾ ಜನರಲ್ಲಿ ಇರುವ ತೊಂದರೆಗಳೇ. ಹಾಗಾಗಿ ಒಬ್ಬರಿಗೇ ಎರಡೂ ಇರುವುದು ಅಪರೂಪವೇನಲ್ಲ. ಥೈರಾಯ್ಡ್ ಇದೆ ಅಂತ ಗೊತ್ತಾದ ತಕ್ಷಣ ಪ್ರತಿ ಸೀನನ್ನೂ ಅದರ ತಲೆಗೆ ಕಟ್ಟುವುದು ಬೇಡ. ಮೂಗು ಕಟ್ಟುವವರಲ್ಲಿ ಬಹುಪಾಲು ಜನರ ಥೈರಾಯ್ಡ್ ಚೆನ್ನಾಗಿಯೇ ಇರುತ್ತದೆ.

ಇಷ್ಟು ಹೊತ್ತು ಹೇಳಿದ್ದು ಒಂದರ ವೇಷದಲ್ಲಿ ಇನ್ನೊಂದು ಬರುವ ಕತೆ. ನಿಜವಾದ ನಂಟು ಬೇರೆಡೆ ಇದೆ. ಅದಕ್ಕೆ ಇನ್ನೊಂದಿಷ್ಟು ಹಿಂದೆ ಹೋಗಬೇಕು.

1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಪದ ಹುಟ್ಟಿಸಿದರು. ಆರು ವರ್ಷದ ನಂತರ, 1912ರಲ್ಲಿ, ಜಪಾನಿನ ಯುವ ವೈದ್ಯ ಹಕಾರು ಹಶಿಮೊಟೊ ನಾಲ್ವರು ಹೆಂಗಸರ ಥೈರಾಯ್ಡ್ ಬಗ್ಗೆ ಜರ್ಮನ್ ಪತ್ರಿಕೆಯಲ್ಲಿ ಬರೆದರು. ಆ ಗ್ರಂಥಿಗಳ ತುಂಬಾ ಬಿಳಿ ರಕ್ತಕಣಗಳು ಬೀಡುಬಿಟ್ಟಿದ್ದವು. ಯಾಕೆ ಅಂತ ತಿಳಿಯಲು ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 1956ರಲ್ಲಿ ಲಂಡನ್‌ನಲ್ಲಿ ಐವನ್ ರಾಯ್ಟ್, ಡೆಬೋರಾ ಡೊನಿಯಾಕ್ ಮತ್ತು ಅವರ ಜೊತೆಗಾರರು ಕಾರಣ ತೋರಿಸಿಕೊಟ್ಟರು. ರೋಗಿಯ ದೇಹವೇ ತನ್ನ ಥೈರಾಯ್ಡಿನ ವಿರುದ್ಧ ಆಂಟಿಬಾಡಿ, ಅಂದರೆ ಹೊರಗಿನ ಶತ್ರುವಿನ ಮೇಲೆ ಬಿಡಬೇಕಾದ ಪ್ರೋಟೀನ್ ಅಸ್ತ್ರ, ತಯಾರಿಸುತ್ತಿತ್ತು. ಅಯೋಡಿನ್ ಸಾಕಷ್ಟು ಸಿಗುವ ಕಡೆ ಇಂದಿಗೂ ಥೈರಾಯ್ಡ್ ಕುಗ್ಗಲು ಅತಿ ದೊಡ್ಡ ಕಾರಣ ಈ ಹಶಿಮೊಟೊ ಕಾಯಿಲೆಯೇ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎಷ್ಟೋ ಪಟ್ಟು ಜಾಸ್ತಿ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಲರ್ಜಿಯಲ್ಲಿ ಮೈಯ ಕಾವಲುಗಾರ, ಅಂದರೆ ರೋಗನಿರೋಧಕ ವ್ಯವಸ್ಥೆ, ಬಾಗಿಲಿಗೆ ಬಂದ ಪಾಪದ ಅತಿಥಿಯನ್ನು ಕಳ್ಳ ಅಂದುಕೊಂಡು ಹೊಡೆಯುತ್ತಾನೆ. ಹಶಿಮೊಟೊದಲ್ಲಿ ಅದೇ ಕಾವಲುಗಾರ ಮನೆಯವರ ಮೇಲೇ ಕೈಮಾಡುತ್ತಾನೆ. ತಪ್ಪು ಎರಡು, ಕಾವಲುಗಾರ ಒಬ್ಬನೇ. ಆದ್ದರಿಂದ ‘ಥೈರಾಯ್ಡ್ ಕಡಿಮೆ ಆದದ್ದರಿಂದ ಅಲರ್ಜಿ ಬಂತು’ ಅನ್ನುವ ಮಾತು ನನಗೆ ಸರಿ ಕಾಣುವುದಿಲ್ಲ. ಕೆಲವರಲ್ಲಿ ಒಂದೇ ಬೇರಿಂದ ಎರಡು ಟಿಸಿಲು ಒಡೆದಿದೆ ಅಂದರೆ ನಿಜಕ್ಕೆ ಹತ್ತಿರ.

ಆ ಬೇರು ಎದ್ದು ಕಾಣುವುದು ಪಿತ್ತಗಂಧೆಯಲ್ಲಿ. ಮೈಮೇಲೆ ಕೆಂಪಗೆ ಉಬ್ಬಿ, ವಿಪರೀತ ತುರಿಸಿ, ಕೆಲವು ಗಂಟೆಯಲ್ಲಿ ಮಾಯವಾಗುವ ದದ್ದು. ಆರು ವಾರಕ್ಕಿಂತ ಹೆಚ್ಚು ಕಾಲ ಹೆಚ್ಚುಕಡಿಮೆ ದಿನಾ ಏಳುತ್ತಿದ್ದರೆ ಅದು ದೀರ್ಘಕಾಲದ ಪಿತ್ತಗಂಧೆ. ಇಂಥವರಲ್ಲಿ ಥೈರಾಯ್ಡ್ ಆಂಟಿಬಾಡಿಗಳು ಉಳಿದವರಿಗಿಂತ ಹೆಚ್ಚಾಗಿ ಕಾಣುತ್ತವೆ ಅಂತ 1983ರಲ್ಲೇ ಕೆನಡಾದ ವೈದ್ಯರು ಗಮನಕ್ಕೆ ತಂದರು. ಮುಂದೆ ಹಲವು ದೇಶಗಳಲ್ಲಿ ಅದೇ ಕಂಡಿತು. ಇನ್ನೂ ಒಂದು ಹೆಜ್ಜೆ ಮುಂದಿನ ಸಂಗತಿ ಇದೆ. ಅಲರ್ಜಿ ತರುವ ಆಂಟಿಬಾಡಿಗೆ ಐಜಿಇ ಅಂತ ಹೆಸರು. 1960ರ ದಶಕದಲ್ಲಿ ಅದನ್ನು ಕಂಡುಹಿಡಿದರು. ಸಾಮಾನ್ಯವಾಗಿ ಅದು ಪರಾಗ, ಧೂಳುಹುಳ, ಕಡಲೆಕಾಯಿ ಇಂಥ ಹೊರಗಿನ ವಸ್ತುಗಳ ವಿರುದ್ಧ ಇರುತ್ತದೆ. ಪಿತ್ತಗಂಧೆಯ ಕೆಲವರಲ್ಲಿ ಅದು ಥೈರಾಯ್ಡಿನದೇ ಒಂದು ಕಿಣ್ವದ ವಿರುದ್ಧ ಸಿಕ್ಕಿದೆ. ತನ್ನ ಮೈಗೇ ಅಲರ್ಜಿ! ಇಂಥವರು ಏನು ತಿಂದರೆ ಬಂತು ಅಂತ ಪಟ್ಟಿ ಬರೆದು ಬರೆದು ಸೋಲುತ್ತಾರೆ. ಕಾರಣ ತಟ್ಟೆಯಲ್ಲಿ ಇರುವುದೇ ಇಲ್ಲ.

ನನಗೂ ಆ ಪಟ್ಟಿಯ ಅನುಭವ ಇದೆ. ಥೈರಾಯ್ಡ್ ಮಾತ್ರೆ ಶುರುಮಾಡಿ, ಟಿಎಸ್‌ಎಚ್ ಸರಿಹೋಗಿ, ಉಂಗುರ ಸಲೀಸಾಗಿ ಕಳಚುವಂತಾದ ಒಂದೂವರೆ ವರ್ಷದ ಮೇಲೆ ಗಂಧೆ ಏಳಲು ಶುರುವಾಯಿತು. ಸಂಜೆಯಾದರೆ ಸೊಂಟದ ಪಟ್ಟಿ ಬಿಗಿಯುವ ಕಡೆ, ಬ್ಯಾಗ್ ತೂಗುಹಾಕುವ ಭುಜದ ಮೇಲೆ. ಒಂದೊಂದೇ ಆಹಾರ ಬಿಡುತ್ತಾ ಬಂದೆ. ಏನೂ ಆಗಲಿಲ್ಲ, ನಾನು ಸೊರಗಿದೆ ಅಷ್ಟೆ. ವೈದ್ಯರು ಒಂದು ಉಪಾಯ ಹೇಳಿಕೊಟ್ಟರು. ಎದ್ದ ದದ್ದಿನ ಸುತ್ತ ಬಾಲ್ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯುವುದು. ರಾತ್ರಿ ಎಂಟಕ್ಕೆ ಎಳೆದ ಗೆರೆ ಬೆಳಿಗ್ಗೆ ನೋಡಿದರೆ ಖಾಲಿ. ಒಳಗೆ ಚರ್ಮ ಎಂದಿನಂತೆ ನುಣುಪು. ದದ್ದು ಅಲ್ಲಿಂದ ಎದ್ದು ಇನ್ನೆಲ್ಲೋ ಹೋಗಿ ಕೂತಿದೆ. ಪಿತ್ತಗಂಧೆಯ ಗುಣವೇ ಇದು. ಒಂದೇ ದದ್ದು 24 ಗಂಟೆ ದಾಟಿ ಅಲ್ಲೇ ಇದ್ದರೆ, ತುರಿಕೆಗಿಂತ ಉರಿ ಹೆಚ್ಚಾದರೆ, ಹೋಗುವಾಗ ಕಪ್ಪು ಕಲೆ ಬಿಟ್ಟರೆ, ಅದು ರಕ್ತನಾಳದ ಉರಿಯೂತ ಇರಬಹುದು. ಆಗ ವೈದ್ಯರಿಗೆ ತೋರಿಸಲೇಬೇಕು.

ಥೈರಾಯ್ಡ್ ಮಾತ್ರೆ ತೆಗೆದುಕೊಂಡರೆ ಗಂಧೆ ಹೋಗುತ್ತಾ? ಬಹಳ ಜನ ಕೇಳುವ ಪ್ರಶ್ನೆ. ಹಾರ್ಮೋನ್ ನಿಜವಾಗಿಯೂ ಕಡಿಮೆ ಇದ್ದರೆ ಮಾತ್ರೆ ಬೇಕೇ ಬೇಕು, ಅದು ಥೈರಾಯ್ಡಿಗಾಗಿ. ಗಂಧೆಯೂ ತಗ್ಗಿದರೆ ಒಳ್ಳೆಯದೇ. ಆದರೆ ಟಿಎಸ್‌ಎಚ್ ಸರಿಯಾಗಿದ್ದು ಬರೀ ಆಂಟಿಬಾಡಿ ಇದ್ದವರಿಗೆ ಗಂಧೆಗಾಗಿ ಥೈರಾಕ್ಸಿನ್, ಅಂದರೆ ಆ ಥೈರಾಯ್ಡ್ ಮಾತ್ರೆ, ಕೊಡುವುದು ಸಾಮಾನ್ಯ ಪದ್ಧತಿಯಲ್ಲ. ಬೇಡದ ಹಾರ್ಮೋನ್ ಹೃದಯ ಮತ್ತು ಮೂಳೆಗೆ ತೊಂದರೆ ಕೊಡಬಹುದು. ಗಂಧೆಗೆ ಮೊದಲ ಮದ್ದು ನಿದ್ದೆ ಹೆಚ್ಚು ತರಿಸದ ಹೊಸ ಬಗೆಯ ಅಲರ್ಜಿ ಮಾತ್ರೆಯೇ. ಅದಕ್ಕೆ ಬಗ್ಗದಿದ್ದರೆ ವೈದ್ಯರು ಡೋಸ್ ಏರಿಸುತ್ತಾರೆ. ಅದಕ್ಕೂ ಬಗ್ಗದವರಿಗೆ ಒಮಾಲಿಜುಮಾಬ್ ಎಂಬ ಇಂಜೆಕ್ಷನ್ ಇದೆ. ಅದು ಆಗ ಹೇಳಿದ ಐಜಿಇಯನ್ನೇ ಹಿಡಿದು ಕಟ್ಟಿಹಾಕುತ್ತದೆ.

ಇನ್ನು ಮಾತ್ರೆಯ ವಿಷಯ. ಥೈರಾಕ್ಸಿನ್ ಅಂದರೆ ದೇಹದಲ್ಲಿ ತಾನಾಗಿ ಹುಟ್ಟುವ ಹಾರ್ಮೋನೇ. ಅದಕ್ಕೆ ಅಲರ್ಜಿ ಆಗುವುದು ತೀರಾ ಅಪರೂಪ. ಆದರೆ ಮಾತ್ರೆಯಲ್ಲಿ ಬಣ್ಣ, ಅಂಟು, ಲ್ಯಾಕ್ಟೋಸ್ ಇರುತ್ತವೆ. ಕೆಲವರಿಗೆ ಅವು ಒಗ್ಗುವುದಿಲ್ಲ. ಕೆಲವು ಕಂಪನಿಗಳ 50 ಮೈಕ್ರೋಗ್ರಾಂ ಮಾತ್ರೆಗೆ ಬಣ್ಣ ಹಾಕಿರುವುದಿಲ್ಲ. ವೈದ್ಯರು ಅದನ್ನೇ ಜೋಡಿಸಿ ಕೊಡಬಹುದು, ಅಥವಾ ದ್ರವರೂಪದ್ದಕ್ಕೆ ಬದಲಿಸಬಹುದು. ದಯವಿಟ್ಟು ಸುಮ್ನೆ ನೀವೇ ನಿಲ್ಲಿಸಬೇಡಿ. ಈ ಮಾತ್ರೆ ಮೈಯಿಂದ ಅರ್ಧ ಇಳಿಯಲು ಸುಮಾರು ಒಂದು ವಾರ ಬೇಕು. ನಿಲ್ಲಿಸಿದ ಮೊದಲ ದಿನಗಳಲ್ಲಿ ಏನೂ ಅನ್ನಿಸುವುದಿಲ್ಲ. ಅದನ್ನು ನಂಬಿ ಮೋಸಹೋದವರು ನನಗೇ ಗೊತ್ತು.

‘ನಂಗೆ ಅಯೋಡಿನ್ ಅಲರ್ಜಿ, ಸಿಗಡಿ ತಿಂದರೆ ಆಗಲ್ಲ’ ಅನ್ನುವವರಿಗೂ ಒಂದು ಮಾತು. ಸಿಗಡಿ, ಏಡಿಯ ಅಲರ್ಜಿಗೆ ಮುಖ್ಯ ಕಾರಣ ಅದರ ಸ್ನಾಯುವಿನಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್. ಅಯೋಡಿನ್ ಅದರಲ್ಲಿ ತಪ್ಪಿತಸ್ಥನಲ್ಲ. ಒಂದೊಂದು ಥೈರಾಕ್ಸಿನ್ ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣುಗಳಿವೆ. ಅದಿಲ್ಲದೆ ನಮ್ಮ ಮೈ ನಡೆಯುವುದೇ ಇಲ್ಲ. ಈ ಹೆದರಿಕೆಯಿಂದ ಅಯೋಡಿನ್ ಇರುವ ಉಪ್ಪು ಬಿಟ್ಟರೆ ಥೈರಾಯ್ಡಿಗೇ ಪೆಟ್ಟು.

ಅಲರ್ಜಿ ಮಾತ್ರೆಗಳು ಥೈರಾಯ್ಡಿಗೆ ಕೆಟ್ಟದ್ದು ಮಾಡುವುದಿಲ್ಲ. ಹಳೆಯ ಬಗೆಯವು ಮಂಪರು ತರುತ್ತವೆ, ಆ ಮಂಪರನ್ನು ಥೈರಾಯ್ಡ್ ಸುಸ್ತು ಅಂತ ತಿಳಿದು ಡೋಸ್ ಏರಿಸಿಕೊಳ್ಳಲು ಓಡಬೇಡಿ, ಅಷ್ಟೆ. ಕೂದಲು, ಚರ್ಮಕ್ಕೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಬಿಡಿ. ಅದು ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ವರದಿಯನ್ನೇ ತಪ್ಪಾಗಿ ತೋರಿಸುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಥೈರಾಕ್ಸಿನ್‌ನಿಂದ ನಾಲ್ಕು ಗಂಟೆ ದೂರ ಇರಲಿ.

ಗಂಧೆಯ ಜೊತೆ ನಾಲಿಗೆ, ಗಂಟಲು ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಬೀಳುವಂತಾದರೆ ಯಾವ ಲೆಕ್ಕಾಚಾರವೂ ಬೇಡ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಅಲರ್ಜಿ ಮಾತ್ರೆ ಸರಿಯಾಗಿ ತೆಗೆದುಕೊಂಡೂ ತಿಂಗಳುಗಟ್ಟಲೆ ಮೂಗು ಬಿಡದಿದ್ದರೆ, ಜೊತೆಗೆ ಚಳಿ, ಮುಖದ ಊತ, ದನಿಯ ಬದಲಾವಣೆ ಇದ್ದರೆ, ವೈದ್ಯರ ಬಳಿ ಟಿಎಸ್‌ಎಚ್ ಮಾತು ಎತ್ತಿ. ಆರು ವಾರ ದಾಟಿದ ಗಂಧೆ ಇದ್ದರೆ ಥೈರಾಯ್ಡ್ ಆಂಟಿಬಾಡಿ ನೋಡಬೇಕಾ ಅಂತಲೂ ಕೇಳಿ. ನೂರಾರು ಆಹಾರಗಳ ಅಲರ್ಜಿ ಪಟ್ಟಿಯ ಪರೀಕ್ಷೆಗಿಂತ ಇದು ಎಷ್ಟೋ ಮೇಲು ಅಂತ ನನ್ನ ಅನಿಸಿಕೆ. ಆ ಪಟ್ಟಿಯಲ್ಲಿ ಗುರುತು ಬಿದ್ದ ಮಾತ್ರಕ್ಕೆ ಆ ಆಹಾರ ಮೈಗೆ ಆಗುವುದಿಲ್ಲ ಅಂತ ಅರ್ಥವಲ್ಲ.

ನನಗೆ ಈಗಲೂ ವರ್ಷಕ್ಕೆ ಒಂದೆರಡು ಸಲ ಗಂಧೆ ಏಳುತ್ತದೆ. ಮೇಜಿನ ಮೇಲಿನ ಪೆನ್ನು ತೆಗೆದು ಸುತ್ತ ಗೆರೆ ಎಳೆಯುತ್ತೇನೆ, ಗಂಟೆ ಬರೆಯುತ್ತೇನೆ, ಮಲಗುತ್ತೇನೆ. ಬೆಳಿಗ್ಗೆ ಗೆರೆ ಮಾತ್ರ ಉಳಿದಿರುತ್ತದೆ. ಉಂಗುರ ತೆಗೆದಿಟ್ಟು, ಸೋಪು ಹಾಕಿ ತೊಳೆಯುತ್ತೇನೆ.

ನಮಸ್ಕಾರ.