ಬಿಡುಗಡೆಗೆ ಮುನ್ನ ರಟ್ಟಾಗುವ ಗುಟ್ಟು

ಆತ್ಮೀಯರೇ,

ಹೊಸ ಉತ್ಪನ್ನವೊಂದು ಮಾರುಕಟ್ಟೆಗೆ ಬರುವ ಮುನ್ನವೇ ಅದರ ಚಿತ್ರ, ಬೆಲೆ, ಒಳಗಿನ ವಿವರಗಳು ಹೊರಬಿದ್ದರೆ ಕಂಪನಿಗೆ ನಷ್ಟವೋ ಲಾಭವೋ ಎಂಬ ಪ್ರಶ್ನೆಯನ್ನು ಇಂದು ಎತ್ತಿಕೊಂಡಿದ್ದೇನೆ. ಸೋರಿಕೆಯೆಂದರೆ ಪುಕ್ಕಟೆ ಪ್ರಚಾರ ಎನ್ನುವವರಿದ್ದಾರೆ. ವರ್ಷಗಳ ಶ್ರಮ ನೀರುಪಾಲಾಯಿತು ಎಂದು ಕೊರಗುವವರೂ ಇದ್ದಾರೆ. ಈ ಇಬ್ಬರ ಕಣ್ಣೂ ಬರಲಿರುವ ಉತ್ಪನ್ನದ ಮೇಲೆಯೇ ನೆಟ್ಟಿರುತ್ತದೆ. ನಾನು ನಿಮ್ಮ ಗಮನ ಸೆಳೆಯಬಯಸುವುದು ಈಗಾಗಲೇ ಅಂಗಡಿಯ ಕಪಾಟಿನಲ್ಲಿರುವ ಉತ್ಪನ್ನದ ಕಡೆಗೆ, ಏಕೆಂದರೆ ಸೋರಿಕೆಯ ಪೆಟ್ಟು ಮೊದಲು ಬೀಳುವುದು ಅದಕ್ಕೆ.

ಎಲ್ಲರೂ ಉದಾಹರಿಸುವ ಪ್ರಸಂಗದಿಂದಲೇ ಆರಂಭಿಸುತ್ತೇನೆ. 2010ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಬಾರ್ ಒಂದರಲ್ಲಿ ಆ್ಯಪಲ್‌ನ ಎಂಜಿನಿಯರೊಬ್ಬರು ಪರೀಕ್ಷೆಗೆಂದು ಬಳಸುತ್ತಿದ್ದ ಫೋನನ್ನು ಬಿಟ್ಟು ಬಂದರು. ನೋಡುವವರಿಗೆ ಅದು ಆಗ ಚಾಲ್ತಿಯಲ್ಲಿದ್ದ ಐಫೋನ್ 3ಜಿಎಸ್; ಹಾಗೆ ಕಾಣಲೆಂದೇ ಅದಕ್ಕೊಂದು ಕವಚ ತೊಡಿಸಲಾಗಿತ್ತು. ಕವಚ ಕಳಚಿದಾಗ ಸಿಕ್ಕಿದ್ದು, ಗಾಜಿನ ಬೆನ್ನು, ಚಪ್ಪಟೆ ಅಂಚು ಮತ್ತು ಮುಂಬದಿಯಲ್ಲಿ ಕ್ಯಾಮೆರಾ ಇದ್ದ, ಜಗತ್ತು ಇನ್ನೂ ನೋಡಿರದ ಐಫೋನ್ 4. ಗಿಜ್ಮೋಡೊ ಎಂಬ ತಂತ್ರಜ್ಞಾನ ತಾಣವು 5,000 ಡಾಲರ್ ಕೊಟ್ಟು ಅದನ್ನು ಪಡೆದು, ಬಿಚ್ಚಿ, ಏಪ್ರಿಲ್‌ನಲ್ಲಿ ಚಿತ್ರಸಮೇತ ಪ್ರಕಟಿಸಿತು. ಜೂನ್ 7ರಂದು ವೇದಿಕೆಯ ಮೇಲೆ ಅದೇ ಫೋನನ್ನು ತೋರಿಸುವಾಗ ಸ್ಟೀವ್ ಜಾಬ್ಸ್, ಇದನ್ನು ನೀವು ಮೊದಲೇ ನೋಡಿದ್ದರೆ ನನ್ನನ್ನು ತಡೆಯಿರಿ ಎಂದು ಸಭೆಯನ್ನು ನಗಿಸಿದರು. ಮಾರಾಟದ ಮೊದಲ ಮೂರು ದಿನಗಳಲ್ಲಿ 17 ಲಕ್ಷ ಫೋನುಗಳು ಬಿಕರಿಯಾದವು. ಹಿಂದಿನ ವರ್ಷದ ಮಾದರಿ ಅಷ್ಟೇ ದಿನಗಳಲ್ಲಿ ಕಂಡಿದ್ದು 10 ಲಕ್ಷವನ್ನು.

ಇದರಿಂದ ಸೋರಿಕೆಯೇ ಮಾರಾಟವನ್ನು ಹೆಚ್ಚಿಸಿತು ಎಂದು ತೀರ್ಮಾನಿಸುವುದು ಅವಸರದ ಮಾತಾದೀತು. ಅಲ್ಲಿ ರಟ್ಟಾದದ್ದು ವಸ್ತುವಿನ ರೂಪ; ಅದನ್ನು ಕೈಯಲ್ಲಿ ಹಿಡಿದು ಬಳಸುವ ಅನುಭವವನ್ನು ಚಿತ್ರ ಕೊಡಲಾರದು. ಅಲ್ಲದೆ, ಜೂನ್, ಜುಲೈ ಹೊತ್ತಿಗೆ ಹೊಸ ಐಫೋನ್ ಬರುವುದು ಅಷ್ಟರಲ್ಲಿ ರೂಢಿಯೇ ಆಗಿದ್ದುದರಿಂದ, ಕಾಯಲು ಬಯಸುವವರು ಸೋರಿಕೆ ಇಲ್ಲದಿದ್ದರೂ ಕಾಯುತ್ತಿದ್ದರು. ಬಿಡುಗಡೆಗೆ ಎರಡು ತಿಂಗಳಿರುವಾಗ ಚಿತ್ರ ನೋಡಿದ ಪ್ರತಿಸ್ಪರ್ಧಿ ಮಾಡಬಹುದಾದದ್ದೂ ಅತ್ಯಲ್ಪ, ಏಕೆಂದರೆ ಅಚ್ಚುಗಳು, ಚಿಪ್‌ಗಳು, ಬಿಡಿಭಾಗಗಳ ಪೂರೈಕೆಯ ಒಪ್ಪಂದಗಳು ಬಹಳ ಮೊದಲೇ ನಿಶ್ಚಯವಾಗಿರುತ್ತವೆ.

ಅದೇ ಕಂಪನಿಯ ಇನ್ನೊಂದು ಅನುಭವ ಬೇರೆಯೇ ಕಥೆ ಹೇಳುತ್ತದೆ. 2017ರ ಮೊದಲ ಮೂರು ತಿಂಗಳಲ್ಲಿ ಐಫೋನ್ ಮಾರಾಟ ಹಿಂದಿನ ವರ್ಷಕ್ಕಿಂತ ಸ್ವಲ್ಪ ಇಳಿದು ಸುಮಾರು 5.08 ಕೋಟಿಗೆ ನಿಂತಾಗ, ಮುಂಬರುವ ಫೋನುಗಳ ಬಗ್ಗೆ ಮೊದಲಿಗಿಂತ ಬೇಗ, ಮೊದಲಿಗಿಂತ ಹೆಚ್ಚಾಗಿ ಬರುತ್ತಿರುವ ವರದಿಗಳಿಂದ ಗ್ರಾಹಕರು ಖರೀದಿಯನ್ನು ತಡೆಹಿಡಿಯುತ್ತಿದ್ದಾರೆಂದು ಮುಖ್ಯಸ್ಥ ಟಿಮ್ ಕುಕ್ ಅಭಿಪ್ರಾಯಪಟ್ಟರು. ಹೊಸ ಫೋನು ಅನಾವರಣಗೊಂಡಿದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟು ತಿಂಗಳು ಕೈಕಟ್ಟಿ ಕಾಯುವ ಗ್ರಾಹಕನು ಈ ತ್ರೈಮಾಸಿಕದ ಲೆಕ್ಕದಿಂದ ಹೊರಗುಳಿಯುತ್ತಾನೆ. ಮುಂದೆ ಅವನು ಅದೇ ಕಂಪನಿಗೆ ಮರಳುತ್ತಾನೆ ಎಂಬುದಕ್ಕೂ ಖಾತ್ರಿಯಿಲ್ಲ.

ಆ್ಯಪಲ್‌ನಷ್ಟು ಹಣಬಲ ಇಲ್ಲದ ಕಂಪನಿಗೆ ಈ ಕಾಯುವಿಕೆ ಪ್ರಾಣಾಂತಿಕವಾಗಬಹುದು. 1981ರಲ್ಲಿ 1,795 ಡಾಲರ್‌ಗೆ ಮಾರುಕಟ್ಟೆಗೆ ಬಂದ ಆಸ್ಬೋರ್ನ್ 1, ಸುಮಾರು 11 ಕಿಲೋ ತೂಗುವ, ಹೊತ್ತೊಯ್ಯಬಹುದಾದ ಕಂಪ್ಯೂಟರ್ ಆಗಿತ್ತು. 1983ರಲ್ಲಿ ಅದಕ್ಕಿಂತ ಉತ್ತಮವಾದ ಎಕ್ಸಿಕ್ಯುಟಿವ್ ಮಾದರಿಯ ವಿಚಾರ ಹೊರಬಂದಾಗ ವಿತರಕರು ಹಳೆಯದಕ್ಕೆ ಕೊಟ್ಟಿದ್ದ ಬೇಡಿಕೆಯನ್ನು ಹಿಂತೆಗೆದುಕೊಂಡರು, ದಾಸ್ತಾನು ಹಾಗೆಯೇ ಉಳಿಯಿತು, ಸೆಪ್ಟೆಂಬರ್ ಹೊತ್ತಿಗೆ ಕಂಪನಿ ದಿವಾಳಿಯಾಯಿತು ಎಂಬುದು ಪ್ರಸಿದ್ಧ ಕಥೆ. ಇಲ್ಲಿ ಗುಟ್ಟನ್ನು ಬಿಟ್ಟುಕೊಟ್ಟಿದ್ದು ಕಳ್ಳನಲ್ಲ, ಕಂಪನಿಯೇ. ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು: ಅದೇ ಬೆಲೆಗೆ ಐದರ ಬದಲು ಒಂಬತ್ತು ಇಂಚಿನ ಪರದೆ ಕೊಟ್ಟ ಕೇಪ್ರೊದ ಸ್ಪರ್ಧೆಯೂ ಈ ಕುಸಿತಕ್ಕೆ ಕಾರಣವಾಗಿತ್ತು. ಆದರೂ ವಿತರಕನ ನಡೆ ಸಹಜವಾದದ್ದೇ. ನಾಳೆ ಹಳತಾಗುವುದೆಂದು ತಿಳಿದ ಸರಕಿಗೆ ಇಂದು ಬಂಡವಾಳ ಹಾಕುವವರು ಯಾರು?

ಇದನ್ನೆಲ್ಲ ಅರಿತೇ ಕೆಲವರು ಸೋರಿಕೆಯನ್ನು ತಾವೇ ಮುಂದಾಗಿ ಎದುರುಗೊಳ್ಳುತ್ತಾರೆ. 2019ರ ಜೂನ್‌ನಲ್ಲಿ ತನ್ನ ಪಿಕ್ಸೆಲ್ 4 ಫೋನಿನ ರೂಪ ಹೊರಬೀಳುತ್ತಿದ್ದಂತೆ ಗೂಗಲ್ ತಾನೇ ಅದರ ಹಿಂಬದಿಯ ಚಿತ್ರವನ್ನು ಪ್ರಕಟಿಸಿತು, ಬಿಡುಗಡೆ ಸಮಾರಂಭವಿದ್ದುದು ಅಕ್ಟೋಬರ್‌ನಲ್ಲಾದರೂ. ವದಂತಿಗೆ ಅಧಿಕೃತ ಮುದ್ರೆ ಬಿದ್ದರೆ ಊಹಾಪೋಹದ ಬಿಸಿ ಇಳಿಯುತ್ತದೆ ನಿಜ, ಆದರೆ ಹಳೆಯ ಮಾದರಿಯನ್ನು ಕೊಳ್ಳಲು ಹೊರಟವನಿಗೆ ಕಾಯಲು ಇನ್ನಷ್ಟು ಬಲವಾದ ಕಾರಣವೂ ಸಿಕ್ಕಂತಾಗುತ್ತದೆ.

ಲೆಕ್ಕಪತ್ರದಲ್ಲಿ ಕಾಣದ ನಷ್ಟವೊಂದಿದೆ, ಮತ್ತು ನನ್ನನ್ನು ಹೆಚ್ಚು ಕಾಡುವುದು ಅದೇ. 2022ರ ಸೆಪ್ಟೆಂಬರ್‌ನಲ್ಲಿ ರಾಕ್‌ಸ್ಟಾರ್ ಎಂಬ ವಿಡಿಯೊ ಗೇಮ್ ಸಂಸ್ಥೆಯ ಜಾಲಕ್ಕೆ ನುಗ್ಗಿದವರು ಗ್ರ್ಯಾಂಡ್ ಥೆಫ್ಟ್ ಆಟೊ 6 ಆಟದ, ಇನ್ನೂ ಅರೆಬರೆಯಾಗಿದ್ದ ಸುಮಾರು 90 ದೃಶ್ಯತುಣುಕುಗಳನ್ನು ಬಯಲಿಗಿಟ್ಟರು. ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ಬಂದ ಅದರ ಮೊದಲ ಟ್ರೇಲರ್‌ಗೆ ಪ್ರೇಕ್ಷಕರು ಮುಗಿಬಿದ್ದರು. ಆ ಮಟ್ಟಿಗೆ ಕುತೂಹಲ ಸ್ವಲ್ಪವೂ ತಗ್ಗಿರಲಿಲ್ಲ. ಆದರೆ ಸೋರಿಕೆಯಾದ ದಿನಗಳಲ್ಲಿ, ಬಣ್ಣ ಬಳಿಯದ ಗೋಡೆಯನ್ನು ನೋಡಿ ಮನೆಯನ್ನೇ ಹಳಿದಂತೆ, ಆ ಕಚ್ಚಾ ದೃಶ್ಯಗಳನ್ನು ಕಂಡು ಆಟವೇ ಕಳಪೆ ಎಂದವರು ಕಡಿಮೆಯಿರಲಿಲ್ಲ, ಮತ್ತು ಅದಕ್ಕೆ ಉತ್ತರಿಸುವ ಅವಕಾಶ ದುಡಿಯುತ್ತಿದ್ದ ಕಲಾವಿದರಿಗೂ ತಂತ್ರಜ್ಞರಿಗೂ ಇರಲಿಲ್ಲ. ಅವರ ಪರವಾಗಿ ಉತ್ತರಿಸಿದವರು ಬೇರೆ ಸಂಸ್ಥೆಗಳ ಸಹೋದ್ಯೋಗಿಗಳು: ಕಂಟ್ರೋಲ್ ಮೊದಲಾದ ಮೆಚ್ಚುಗೆ ಗಳಿಸಿದ ಆಟಗಳನ್ನು ರೂಪಿಸಿದವರು, ಆ ಆಟಗಳು ಬರಿಯ ಬೂದುಬಣ್ಣದ ಚೌಕಗಳಂತಿದ್ದ ಕಾಲದ ತಮ್ಮದೇ ದೃಶ್ಯಗಳನ್ನು ಹುಡುಕಿ ತೆಗೆದು ಜನರ ಮುಂದಿಟ್ಟರು.